ನಲವತ್ತರ ನಂತರದ ಮೊದಲ ಬೆಟ್ಟ



ರಜೆ ಬಂತೆಂದರೆ ನೀವು ನಾಲ್ಕಾರು ಗೆಳೆಯರು ಕೂಡಿ ಬೆಟ್ಟ ಹತ್ತುವ ಯೋಚನೆ ಮಾಡುತ್ತೀರಿ. ಯಾವ ಬಸ್ಸು, ಯಾರು ಚಪಾತಿ ತರಬೇಕು, ಯಾರ ಮನೆಯಲ್ಲಿ ಟಾರ್ಚ್ ಇದೆ ಎಂದು ಜಗಲಿಯಲ್ಲಿ ಕುಳಿತು ಗಲಾಟೆ ಎಬ್ಬಿಸಿರುವಾಗ, ಒಳಗಿನಿಂದ ಬಂದ ನಿಮ್ಮ ತಾಯಿ "ನಾನೂ ಬರಲೇನೋ?" ಎಂದು ಕೇಳಿದರೆಂದು ಇಟ್ಟುಕೊಳ್ಳಿ. ಅವರಿಗೆ 45 ವರ್ಷ ದಾಟಿದೆ. ಇದುವರೆಗೆ ಹತ್ತಿದ್ದೆಂದರೆ ದೇವಸ್ಥಾನದ ಮೆಟ್ಟಿಲು, ಅದೂ ಹತ್ತು ವರ್ಷಗಳ ಹಿಂದೆ. ನಿಮ್ಮಲ್ಲಿ ಕೆಲವರು "ನಿನ್ನ ಕೈಲಾಗಲ್ಲ ಬಿಡಮ್ಮ" ಎನ್ನುತ್ತೀರಿ. ಇನ್ನು ಕೆಲವರು "ಬಾಮ್ಮ, ಏನೂ ಆಗಲ್ಲ" ಎನ್ನುತ್ತೀರಿ. ನನ್ನ ದೃಷ್ಟಿಯಲ್ಲಿ ಎರಡು ಉತ್ತರಗಳೂ ತಪ್ಪು. ಎರಡನೆಯದು ಮೊದಲನೆಯದಕ್ಕಿಂತ ಸ್ವಲ್ಪ ಹೆಚ್ಚು ಅಪಾಯದ ತಪ್ಪು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಮೊದಲ ಬಾರಿಗೆ ಬೆಟ್ಟದ ದಾರಿ ಹಿಡಿದದ್ದು 46ನೆಯ ವಯಸ್ಸಿನಲ್ಲಿ, ವಿದ್ಯಾರ್ಥಿಗಳ ಜೊತೆ, ಅದೂ ಕುಮಾರ ಪರ್ವತಕ್ಕೆ. ಬೆಳಿಗ್ಗೆ 6 ಗಂಟೆಗೆ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟೆವು. ಹುಡುಗರ ಮುಂದೆ ಹಿಂದೆ ಬೀಳಬಾರದೆಂಬ ಹಟ. ಗಿರಿಗದ್ದೆಯವರೆಗಿನ ಕಾಡಿನ ಏರನ್ನು ಅವರ ಜೊತೆಜೊತೆಗೇ ಹತ್ತಿದೆ. "ಮೇಡಂ ಪರವಾಗಿಲ್ಲ" ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದು ಇನ್ನಷ್ಟು ಬೀಗಿದೆ. ಅಲ್ಲಿಂದ ಮುಂದೆ ನೆರಳಿಲ್ಲದ ಹುಲ್ಲುಗಾವಲು, ನೆತ್ತಿಯ ಮೇಲೆ ಬಿಸಿಲು. ಕಲ್ಲು ಮಂಟಪ ದಾಟಿ ಶೇಷ ಪರ್ವತ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನನ್ನಿಂದ ಇನ್ನಾಗದೆಂದು ಅಲ್ಲೇ ಕುಳಿತೆ. ಉಸಿರೇನೋ ಹತ್ತು ನಿಮಿಷದಲ್ಲಿ ಸರಿಹೋಯಿತು. ತೊಂದರೆ ಶುರುವಾದದ್ದು ಇಳಿಯಲು ಎದ್ದಾಗ. ಮೊದಲ ಒಂದು ಗಂಟೆ ತೊಡೆ ನಡುಗಿತು. ಆಮೇಲೆ ಮಂಡಿ ಮಡಚಲು ಒಪ್ಪಲಿಲ್ಲ. ಮಲೆನಾಡಿನ ಕಡೆಯ ಒಬ್ಬ ಹುಡುಗ ಮಾತ್ರ ನನ್ನ ಜೊತೆ ಉಳಿದ.

"ಮೇಡಂ, ಚೀಲ ಕೊಡಿ."

"ಬೇಡ ಕಣಪ್ಪ, ನಾನೇ ತರ್ತೀನಿ."

"ಕೊಡಿ ಮೇಡಂ. ಅಡ್ಡಡ್ಡ ಇಳೀರಿ, ನೇರ ಕಾಲು ಹಾಕಬೇಡಿ."

ಬಿದ್ದಿದ್ದ ಕೊಂಬೆಯೊಂದನ್ನು ಮುರಿದು ಕೋಲು ಮಾಡಿಕೊಟ್ಟು, ನನಗಿಂತ ಒಂದು ಹೆಜ್ಜೆ ಕೆಳಗೆ ನಿಂತು, ಎಲ್ಲಿ ಕಾಲಿಡಬೇಕೆಂದು ತೋರಿಸುತ್ತ ಆ ಹುಡುಗ ನನ್ನನ್ನು ಊರು ಮುಟ್ಟಿಸಿದಾಗ ರಾತ್ರಿ ಎಂಟೂವರೆ. ಇಪ್ಪತ್ತು ವರ್ಷಗಳಿಂದ ನಾನು ತರಗತಿಯಲ್ಲಿ ಸ್ನಾಯುಗಳ ಪಾಠ ಮಾಡುತ್ತಿದ್ದೆ. ಆ ದಿನ ನನ್ನ ತೊಡೆಯಲ್ಲಿ ನಡೆದದ್ದು ಅದೇ ಪಾಠದ ಒಂದು ಪುಟ ಎಂಬುದು ಎರಡು ದಿನ ಮಲಗಿ ಎದ್ದ ಮೇಲೆ ಹೊಳೆಯಿತು.

ಹಾಗಾದರೆ ನಲವತ್ತರ ಮೇಲೆ ದೇಹದಲ್ಲಿ ಆಗುವುದೇನು? ಮೊದಲು ಉಸಿರಿನ ವಿಷಯ. ಒಂದು ನಿಮಿಷದಲ್ಲಿ ನಮ್ಮ ದೇಹ ಅತಿ ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂಬುದಕ್ಕೆ ಒಂದು ಮಿತಿಯಿದೆ. ಈ ಮಿತಿ 25-30ರ ವಯಸ್ಸಿನ ನಂತರ, ವ್ಯಾಯಾಮವಿಲ್ಲದವರಲ್ಲಿ, ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಇಳಿಯುತ್ತ ಹೋಗುತ್ತದೆ. ನಿಯಮಿತವಾಗಿ ನಡೆಯುವವರಲ್ಲಿ, ಓಡುವವರಲ್ಲಿ ಈ ಇಳಿತ ನಿಧಾನ. ಒಂದು ಲೆಕ್ಕ ಮಾಡೋಣ. ನಿಮ್ಮ ಮಿತಿ ಕಿಲೋ ತೂಕಕ್ಕೆ ನಿಮಿಷಕ್ಕೆ 45 ಮಿಲಿಲೀಟರ್, ನಿಮ್ಮ ತಾಯಿಯದು 32 ಎಂದು ಇಟ್ಟುಕೊಳ್ಳಿ. ನೀವು ಸಲೀಸಾಗಿ ಹತ್ತುವ ವೇಗಕ್ಕೆ 25 ಬೇಕು. ನಿಮಗೆ ಅದು ಮಿತಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಹಾಡುತ್ತ ಹೋಗುತ್ತೀರಿ. ಅವರಿಗೆ ಅದೇ 25 ಎಂದರೆ ಮಿತಿಯ ಮುಕ್ಕಾಲನ್ನೂ ದಾಟಿದ ಕೆಲಸ. ಸ್ನಾಯುಗಳಲ್ಲಿ ಆಮ್ಲಜನಕ ಸಾಲದಾಗಿ, ಐವತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತದೆ.

ಈಗ ಅವರ ವೇಗವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸಿ ನೋಡಿ. ಬೇಕಾದ ಆಮ್ಲಜನಕವೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಆಗ ಅವರೂ ನಿಮ್ಮಷ್ಟೇ ಸಲೀಸಾಗಿ, ನಿಲ್ಲದೆ ಹತ್ತಬಲ್ಲರು. ಇದಕ್ಕೆ ಯಂತ್ರ, ಗಡಿಯಾರ ಯಾವುದೂ ಬೇಡ. ಏರುವಾಗ ಒಂದು ಪೂರ್ತಿ ವಾಕ್ಯವನ್ನು ಎಡವದೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಮಾತು ಎರಡೆರಡು ಶಬ್ದಕ್ಕೆ ತುಂಡಾದರೆ ವೇಗ ಹೆಚ್ಚಾಯಿತು. ಅಂದರೆ ಹತ್ತುವ ಪ್ರಶ್ನೆಗೆ ವಯಸ್ಸು ಒಡ್ಡುವ ಅಡ್ಡಿಯನ್ನು ಸಮಯ ಕೊಟ್ಟು ದಾಟಬಹುದು.

ಇಳಿಯುವ ಪ್ರಶ್ನೆ ಹಾಗಲ್ಲ.

ಬಾವಿಯಿಂದ ನೀರು ಸೇದಿದವರಿಗೆ ಇದನ್ನು ವಿವರಿಸುವುದು ಸುಲಭ. ತುಂಬಿದ ಕೊಡವನ್ನು ಮೇಲಕ್ಕೆ ಎಳೆಯುವಾಗ ತೋಳು ಸೋಲುತ್ತದೆ. ಅದೇ ತುಂಬಿದ ಕೊಡವನ್ನು ಹಗ್ಗ ಹಿಡಿದು ನಿಧಾನವಾಗಿ ಕೆಳಕ್ಕೆ ಬಿಡಬೇಕಾಗಿ ಬಂದರೆ ಅಂಗೈ ಉರಿಯುತ್ತದೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ನಮ್ಮನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತ, ಆದರೂ ಬಿಗಿಹಿಡಿದುಕೊಂಡೇ ನಮ್ಮ ಭಾರವನ್ನು ಕೆಳಕ್ಕೆ ಬಿಡಬೇಕು. ಈ ಕೆಲಸದಲ್ಲಿ ಆಮ್ಲಜನಕ ಹೆಚ್ಚು ಬೇಕಿಲ್ಲ, ಆದ್ದರಿಂದ ಏದುಸಿರು ಬರುವುದಿಲ್ಲ. ಆದರೆ ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣಸಣ್ಣ ಹರಿತಗಳಾಗುತ್ತವೆ. ಆ ನೋವು ಅಂದೇ ಪೂರ್ತಿ ಕಾಣದೆ, ಮರುದಿನ ಮತ್ತು ಅದರ ಮರುದಿನ ಹೆಚ್ಚಾಗುತ್ತದೆ. ಬೆಟ್ಟಕ್ಕೆ ಹೋಗಿ ಬಂದ ಎರಡನೆಯ ದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವವರನ್ನು ನೀವು ನೋಡಿರಬಹುದು.

ಇದು ಸ್ನಾಯುವಿನ ಮಾತಾಯಿತು. ಸ್ನಾಯು ದಣಿದರೆ ತಡೆಯುವ ಕೆಲಸ ಕೆಡುತ್ತದೆ, ಪ್ರತಿ ಹೆಜ್ಜೆಯ ಪೆಟ್ಟು ನೇರವಾಗಿ ಮಂಡಿಯ ಕೀಲಿಗೆ ಬೀಳುತ್ತದೆ, ಕಾಲು ಜಾರುತ್ತದೆ. ಬೆಟ್ಟದಲ್ಲಿ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇಳಿಯುವಾಗಲೇ. ಆಸ್ಟ್ರಿಯದ ಆಲ್ಪ್ಸ್ ಪರ್ವತಗಳಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಹೇಳಿವೆ. ವಯಸ್ಸು ಇಲ್ಲಿ ಇನ್ನೊಂದು ತೊಡಕು ತರುತ್ತದೆ. ಹೃದಯ ಮತ್ತು ಸ್ನಾಯು ಅಭ್ಯಾಸಕ್ಕೆ ಬೇಗ ಒಗ್ಗುತ್ತವೆ, ಕೆಲವು ವಾರಗಳಲ್ಲೇ ವ್ಯತ್ಯಾಸ ಕಾಣುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮತ್ತು ಕೀಲಿನ ಪಟ್ಟಿಗಳು ಒಗ್ಗಲು ತಿಂಗಳುಗಳು ಬೇಕು. ಮೂರು ವಾರ ಬೆಳಗಿನ ನಡಿಗೆ ಮಾಡಿದ ನಿಮ್ಮ ತಂದೆ "ನನಗೀಗ ಏದುಸಿರೇ ಬರೋದಿಲ್ಲ" ಎಂದು ಹೇಳಿದರೆ ಅದು ನಿಜವೇ. ಆದರೆ ಅವರ ಮಂಡಿ ಇನ್ನೂ ಸಿದ್ಧವಾಗಿಲ್ಲ.

ಜಪಾನಿನ ಯುಯಿಚಿರೊ ಮಿಯುರ ಎಂಬವರ ಉದಾಹರಣೆ ಇಲ್ಲಿ ನೆನಪಿಗೆ ಬರುತ್ತದೆ. ಯೌವನದಲ್ಲಿ ಹೆಸರಾಂತ ಸ್ಕೀ ಆಟಗಾರರಾಗಿದ್ದ ಇವರು ಅರವತ್ತರ ವಯಸ್ಸಿನಲ್ಲಿ ಮೈ ಬೆಳೆಸಿಕೊಂಡು ಆರೋಗ್ಯ ಕೆಡಿಸಿಕೊಂಡಿದ್ದರು. ಆಮೇಲೆ ಕಾಲಿಗೆ ತೂಕ ಕಟ್ಟಿಕೊಂಡು, ಬೆನ್ನಿಗೆ ಭಾರ ಹೊತ್ತು ಊರಿನಲ್ಲಿ ನಡೆಯುವುದರಿಂದಲೇ ಮತ್ತೆ ಶುರುಮಾಡಿದರು. 2003ರಲ್ಲಿ 70ನೆಯ ವಯಸ್ಸಿಗೆ ಎವರೆಸ್ಟ್ ಹತ್ತಿದರು. 2008ರಲ್ಲಿ 75ಕ್ಕೆ ಎರಡನೆಯ ಬಾರಿ, 2013ರಲ್ಲಿ 80ಕ್ಕೆ ಮೂರನೆಯ ಬಾರಿ ಹತ್ತಿದರು. ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಹತ್ತಿದ ಸುದ್ದಿಯನ್ನು. ಆದರೆ ಆ ಮೂರನೆಯ ಬಾರಿ ಅವರು ಕಾಲ್ನಡಿಗೆಯಲ್ಲಿ ಕೆಳಗಿನವರೆಗೆ ಇಳಿಯಲಿಲ್ಲ. ಬಳಲಿಕೆಯಿಂದಾಗಿ ಸುಮಾರು 6,500 ಮೀಟರ್ ಎತ್ತರದ ಎರಡನೆಯ ಶಿಬಿರದಿಂದ ಹೆಲಿಕಾಪ್ಟರ್ ಅವರನ್ನು ಕೆಳಗೆ ತಂದಿತು. ಅವರ ಸಾಧನೆಯನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ನಮ್ಮ ಪಶ್ಚಿಮ ಘಟ್ಟದ ಬೆಟ್ಟಗಳಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ಅಷ್ಟೆ.

ಇನ್ನು ಸಮಯದ ಲೆಕ್ಕ. ಮಾತಿನಲ್ಲಿ ಕೇಳುವುದಕ್ಕಿಂತ ಮುದ್ರಣದಲ್ಲಿ ಇದನ್ನು ಹಿಂಬಾಲಿಸುವುದು ಸುಲಭ. ಒಂದು ಕಾಗದ ತೆಗೆದುಕೊಳ್ಳಿ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದಲ್ಲದೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತದ ಎತ್ತರ 1,712 ಮೀಟರ್. ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲೆ. ಅಂದರೆ ಏರು ಸುಮಾರು 1,600 ಮೀಟರ್, ಅದಕ್ಕೆ ಎರಡು ಮುಕ್ಕಾಲು ಗಂಟೆ. ದಾರಿ ಸುಮಾರು 13 ಕಿಲೋಮೀಟರ್, ಅದಕ್ಕೆ ಎರಡೂವರೆ ಗಂಟೆಗೆ ಮೇಲೆ. ಒಟ್ಟು ಐದು ಗಂಟೆ ಚಿಲ್ಲರೆ. ಇದು ಗಟ್ಟಿಮುಟ್ಟಾದವರಿಗೆ, ಎಲ್ಲೂ ಕೂರದೆ ನಡೆದರೆ. ನಮ್ಮ ಮೊದಲ ಬಾರಿಯ ಚಾರಣಿಗರಿಗೆ ಇದರ ಒಂದೂವರೆಪಟ್ಟು ಹಿಡಿಯಿರಿ, ಎಂಟು ಗಂಟೆಯಾಯಿತು. ಬೆಳಿಗ್ಗೆ 6ಕ್ಕೆ ಹೊರಟರೆ ತುದಿ ಮುಟ್ಟುವುದು ಮಧ್ಯಾಹ್ನ 2ಕ್ಕೆ. ಇಳಿಯಲು ಕಡಿಮೆಯೆಂದರೂ ಐದಾರು ಗಂಟೆ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ದಣಿದ ತೊಡೆ, ಕಲ್ಲಿನ ಇಳಿಜಾರು, ಕತ್ತಲೆ ಈ ಮೂರೂ ಒಂದೇ ಗಂಟೆಯಲ್ಲಿ ಕೂಡುತ್ತವೆ. ಹೊರಡುವ ಹಿಂದಿನ ರಾತ್ರಿ ನಾನು ಈ ಲೆಕ್ಕ ಮಾಡಿದ್ದರೆ ಆ ಬೆಟ್ಟವನ್ನು ಆರಿಸುತ್ತಲೇ ಇರಲಿಲ್ಲ.

ಹಾಗಾದರೆ ಸಿದ್ಧತೆ ಹೇಗೆ? ಮೂರು ತಿಂಗಳು ಬೇಕು. ಮೊದಲ ತಿಂಗಳು ವಾರಕ್ಕೆ ನಾಲ್ಕೈದು ದಿನ ಮುಕ್ಕಾಲು ಗಂಟೆ ನಡಿಗೆ, ಮೇಲೆ ಹೇಳಿದ ಮಾತಾಡುವ ವೇಗದಲ್ಲಿ. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಎರಡನೆಯ ತಿಂಗಳಿನಿಂದ ಮೆಟ್ಟಿಲು. ಹೆಚ್ಚಿನವರು ತಪ್ಪುವುದು ಇಲ್ಲಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ, ಇಳಿಯುವಾಗ ದಡದಡ ಓಡಿಬರುತ್ತಾರೆ ಅಥವಾ ಲಿಫ್ಟಿನಲ್ಲೇ ಇಳಿಯುತ್ತಾರೆ. ನಮಗೆ ಬೇಕಾದ ಅಭ್ಯಾಸ ನಿಧಾನವಾಗಿ ಇಳಿಯುವುದರಲ್ಲೇ ಇದೆ. ಕುರ್ಚಿಯಿಂದ ಏಳುವುದಕ್ಕಿಂತ, ಕೈ ಊರದೆ ಐದು ಎಣಿಸುತ್ತ ಕುರ್ಚಿಯ ಮೇಲೆ ಕೂರುವುದು ಒಳ್ಳೆಯ ವ್ಯಾಯಾಮ. ಮೂರನೆಯ ತಿಂಗಳು ಎರಡು ವಾರಕ್ಕೊಮ್ಮೆ ಒಂದು ಸಣ್ಣ ಬೆಟ್ಟ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ. ಬೆಂಗಳೂರಿನ ಸುತ್ತ ಶಿವಗಂಗೆ, ನಂದಿ ಬೆಟ್ಟಗಳಿವೆ. ಹತ್ತಿ ಹೋಗಿ ಬಸ್ಸಿನಲ್ಲಿ ಇಳಿದರೆ ಪ್ರಯೋಜನ ಅರ್ಧಕ್ಕೆ ನಿಂತಂತೆ. ನಡೆದೇ ಇಳಿಯಬೇಕು.

ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಒಮ್ಮೆ ಇಳಿಜಾರಿನ ನೋವು ತಿಂದ ಸ್ನಾಯು ಅದನ್ನು ಮರೆಯುವುದಿಲ್ಲ. ದುರಸ್ತಿಯಾಗುವಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡು ಮೂರು ವಾರ ಬಿಟ್ಟು ಮತ್ತೆ ಇಳಿದರೆ ನೋವು ಬಹಳ ಕಡಿಮೆ. ಆದ್ದರಿಂದ ದೊಡ್ಡ ಬೆಟ್ಟಕ್ಕೆ ಹೊರಡುವ ಎರಡು ವಾರ ಮೊದಲು ಒಂದು ಸಣ್ಣ ಬೆಟ್ಟವನ್ನು ಹತ್ತಿ ಇಳಿದಿದ್ದರೆ ಅದೇ ಅರ್ಧ ಕವಚ.

ಆರೋಗ್ಯದ ವಿಷಯದಲ್ಲಿ ಸಂಕೋಚ ಬೇಡ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಧೂಮಪಾನ ಮಾಡುವವರು ಅಭ್ಯಾಸ ಶುರುಮಾಡುವ ಮೊದಲೇ ವೈದ್ಯರನ್ನು ಕಾಣಬೇಕು. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಏರುವಾಗ ಎದೆಯಲ್ಲಿ ಬಿಗಿತ ಬಂದು ನಿಂತೊಡನೆ ಹೋದರೆ ಅದನ್ನು ವಾಯು ಎಂದು ತಳ್ಳಿಹಾಕಬಾರದು. ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತು, ಮುಂದಿನ ಕೆಲಸ ವೈದ್ಯರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ನಡಿಗೆಯಲ್ಲಿ ಸಕ್ಕರೆ ಅಂಶ ಇದ್ದಕ್ಕಿದ್ದಂತೆ ಕುಸಿಯಬಹುದು. ಅವರ ಜೇಬಿನಲ್ಲಿ ಮಾತ್ರವಲ್ಲ, ನಿಮ್ಮ ಜೇಬಿನಲ್ಲೂ ಬೆಲ್ಲವೋ ಗ್ಲೂಕೋಸೋ ಇರಲಿ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಮೂಳೆ ತೆಳುವಾಗತೊಡಗುತ್ತದೆ. ಜಾರಿ ಕೈಯೂರಿದರೆ ಮಣಿಕಟ್ಟು ಮುರಿಯುವ ಭಯ ನಿಮಗಿಂತ ಅವರಿಗೆ ಹೆಚ್ಚು. ಆದರೆ ಭಾರ ಹೊರುವ ಮೂಳೆಗೆ ನಡಿಗೆಯೇ ಪೋಷಣೆ, ಹಾಗಾಗಿ ಇದು ಮನೆಯಲ್ಲಿ ಕೂರಲು ಕಾರಣವಲ್ಲ. ಕೈಯಲ್ಲೊಂದು ಕೋಲು ಹಿಡಿಯಲು ಕಾರಣ. ಇಳಿಯುವಾಗ ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ ಆಮೇಲೆ ಕಾಲಿಟ್ಟರೆ ಮಂಡಿಯ ಭಾರದಲ್ಲಿ ಒಂದು ಪಾಲನ್ನು ತೋಳು ಹೊರುತ್ತದೆ.

ಹಿಮಾಲಯದ ಆಸೆ ಮೊದಲ ವರ್ಷವೇ ಬೇಡ. ಅಲ್ಲಿ ಸುಮಾರು 2,500 ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗಿ ತಲೆನೋವು, ವಾಕರಿಕೆ, ನಿದ್ರೆಗೇಡು ಶುರುವಾಗಬಹುದು. ವಿಚಿತ್ರವೆಂದರೆ ಇದು ವಯಸ್ಸಾದವರಿಗೇ ಹೆಚ್ಚು ಎಂದೇನೂ ಇಲ್ಲ. ವೇಗವಾಗಿ ಮೇಲೇರುವವರಿಗೆ ಹೆಚ್ಚು, ಅಂದರೆ ಅನೇಕ ಸಲ ನಿಮ್ಮಂಥ ತರುಣರಿಗೇ. ಕರ್ನಾಟಕದಲ್ಲಿ ಈ ಚಿಂತೆ ಇಲ್ಲ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್.

ಈಗ ನಿಮ್ಮ ಪಾಲಿನ ಕೆಲಸಕ್ಕೆ ಬರೋಣ. ನಾನು ಈ ಲೇಖನ ಬರೆದದ್ದೇ ಇದನ್ನು ಹೇಳಲು. ಗುಂಪು ಬೆಟ್ಟ ಹತ್ತುವುದನ್ನು ಗಮನಿಸಿ. ವೇಗದವರು ಮುಂದೆ ಹೋಗಿ ಒಂದು ಬಂಡೆಯ ಮೇಲೆ ಕುಳಿತು, ನೀರು ಕುಡಿದು, ಹಿಂದಿನವರಿಗಾಗಿ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಅಲ್ಲಿಗೆ ಬಂದು ಮುಟ್ಟಿದ ಕ್ಷಣ "ಸರಿ, ಹೊರಡೋಣ" ಎಂದು ಏಳುತ್ತಾರೆ. ವಿಶ್ರಾಂತಿ ಬೇಡದವರಿಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕಿತು, ಬೇಕಾದವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಇಡೀ ದಿನ ಹೀಗೇ ನಡೆಯುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ, ಕಾದದ್ದೇ ಉಪಕಾರ ಎಂದು ಮುಂದಿನವರು ತಿಳಿದಿರುತ್ತಾರೆ. ನಿಧಾನದವರು ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಮೇಷ್ಟರು, ಅಪ್ಪ, ಅಮ್ಮ ಇಂಥವರು ಮಕ್ಕಳ ಮುಂದೆ "ಸುಸ್ತಾಯಿತು" ಎನ್ನಲು ನಾಚುತ್ತಾರೆ. ಆದ್ದರಿಂದ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಟ್ಟು, ಉಳಿದವರು ಅವರ ಹಿಂದೆ ನಡೆಯಿರಿ. ಅವರು ಬಂದು ಕುಳಿತ ಮೇಲೆ ವಿಶ್ರಾಂತಿಯ ಗಡಿಯಾರ ಶುರುವಾಗಲಿ. ಇಳಿಯುವಾಗ ಮಾತ್ರ ಒಬ್ಬರು ಅವರಿಗಿಂತ ಒಂದು ಹೆಜ್ಜೆ ಕೆಳಗಿರಿ. ಹಿಂತಿರುಗುವ ಹೊತ್ತನ್ನು ಹೊರಡುವ ಮೊದಲೇ ಗೊತ್ತು ಮಾಡಿ. ಗಂಟೆ ಹನ್ನೆರಡಾದರೆ, ತುದಿ ಕಣ್ಣೆದುರೇ ಕಂಡರೂ, ತಿರುಗಿ. ಆ ಮಾತನ್ನು ಅವರ ಬಾಯಿಂದ ಬರಿಸಬೇಡಿ, ನೀವೇ ಆಡಿ.

ಮೊದಲ ಬೆಟ್ಟ ಯಾವುದಾಗಬೇಕು ಎಂದರೆ ನಾನು ಮುಳ್ಳಯ್ಯನಗಿರಿಯನ್ನೇ ಹೇಳುತ್ತೇನೆ. ಸರ್ಪದಾರಿಯ ಕಾಲುಹಾದಿಯಲ್ಲಿ ಹತ್ತಬಹುದು. ತುದಿಯ ಹತ್ತಿರದವರೆಗೆ ವಾಹನದ ರಸ್ತೆಯಿದೆ. ಮೇಲೆ ಹೋದ ಮೇಲೆ ತೊಡೆ ನಡುಗಿದರೆ ಜೀಪಿನಲ್ಲಿ ಇಳಿಯುವ ದಾರಿ ತೆರೆದಿರುತ್ತದೆ. ಮಂಡಿ ಸರಿಯಿದ್ದರೆ ನಡೆದೇ ಇಳಿಯಿರಿ. ಎರಡನೆಯದಾಗಿ ಕೊಡಗಿನ ತಡಿಯಂಡಮೋಳ್, 1,748 ಮೀಟರ್. ನಾಲ್ಕುನಾಡು ಅರಮನೆಯ ಕಡೆಯಿಂದ ಹೋಗುವ ದಾರಿಯಲ್ಲಿ ಕೊನೆಯ ಭಾಗ ಬಿಟ್ಟರೆ ಏರು ಹದವಾಗಿದೆ. ಕುಮಾರ ಪರ್ವತಕ್ಕೆ 2024ರ ಜನವರಿ ಕೊನೆಯಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಕೆಲಕಾಲ ಚಾರಣ ನಿಲ್ಲಿಸಿ, ಆಮೇಲೆ ಮುಂಗಡ ನೋಂದಣಿಯ ಕ್ರಮ ತಂದಿತು. ಎಲ್ಲಿಗೆ ಹೋಗುವುದಾದರೂ ಅನುಮತಿಯ ವಿಷಯ ಮೊದಲೇ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಇಂಬಳದ ಕಾಟ, ಜಾರುವ ಕಲ್ಲು. ಹೊಸಬರಿಗೆ ನವೆಂಬರಿನಿಂದ ಜನವರಿಯವರೆಗೆ ಒಳ್ಳೆಯದು.

ನಾನು ಕುಮಾರ ಪರ್ವತದ ತುದಿ ಮುಟ್ಟಿದ್ದು 48ನೆಯ ವಯಸ್ಸಿನಲ್ಲಿ, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ. ಆ ಕಡೆಯಿಂದ ದಾರಿ ಅರ್ಧದಷ್ಟೇ, ಏರೂ ಕಡಿಮೆ. ಹೋದ ದಾರಿಯಲ್ಲೇ ಹಿಂತಿರುಗಿದೆವು. ಕೋಲು ಹಿಡಿದು, ಅಡ್ಡಡ್ಡ ಹೆಜ್ಜೆ ಹಾಕುತ್ತ, ಬೆಳಕಿರುವಾಗಲೇ ಕೆಳಗಿದ್ದೆ. ಒಂದೇ ಒಂದು ತಪ್ಪು ಮಾಡಿದ್ದೆ. ಕಾಲುಗುರು ಕತ್ತರಿಸಿರಲಿಲ್ಲ. ಇಳಿಯುವಾಗ ಬೆರಳು ಶೂನ ಮೂತಿಗೆ ತಾಗಿ ತಾಗಿ ಎರಡು ಹೆಬ್ಬೆರಳ ಉಗುರೂ ಕಪ್ಪಾದವು. ಹೊರಡುವ ಹಿಂದಿನ ಸಂಜೆ ಇದನ್ನೊಂದು ನಿಮ್ಮ ತಾಯಿಗೆ ನೆನಪಿಸಿ.